ಖಾಕಿ ಹೊಲಿಯುತ್ತಿದ್ದ ಇಮಾಮ್ ಸಾಬರು

ಜೂನ್ 8, ಭಾನುವಾರ. ಬೆಳಿಗ್ಗೆ 6.40ಕ್ಕೆ ಪತ್ರಿಕೆಗೆ ಇದನ್ನು ಬರೆಯಲು ಕೂತೆ.

ಇಮಾಮ್ ಸಾಬರು ಮನುಷ್ಯರನ್ನು ಬೆನ್ನಿನಿಂದ ಗುರುತು ಹಿಡಿಯುತ್ತಿದ್ದರು. ಎದುರಿಗೆ ಬಂದು ನಿಂತರೆ ಒಮ್ಮೊಮ್ಮೆ ತಡವರಿಸುತ್ತಿದ್ದರು. ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಹೆಸರು, ಊರು, ಯಾವ ಭುಜ ಇಳಿದಿದೆ ಎಂಬುದೆಲ್ಲ ಬಾಯಿಗೆ ಬರುತ್ತಿತ್ತು.

ಹೊನ್ನಾಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಟೈಲರ್ ಅಂಗಡಿ. ಪಕ್ಕದಲ್ಲಿ ನನ್ನ ಜೆರಾಕ್ಸ್, ಟೈಪಿಂಗ್ ಅಂಗಡಿ. ನಡುವೆ ಹಲಗೆಯ ಗೋಡೆ. ಅವರು ಹೊಲಿಯುತ್ತಿದ್ದದ್ದು ಬರೀ ಖಾಕಿ. ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯ ಪೊಲೀಸರೂ ಬಟ್ಟೆ ತಂದು ಕೊಡುತ್ತಿದ್ದರು. ಬೇರೆಯವರು ಬಂದರೆ, "ನನ್ನ ಕೈಗೆ ಬ್ಯಾರೆ ಬಣ್ಣ ಒಗ್ಗಲ್ಲ ಕಣಪ್ಪ" ಎಂದು ಕಳಿಸಿಬಿಡುತ್ತಿದ್ದರು.

ನಾನು ಸಂಜೆ ಅಂಗಡಿ ಮುಚ್ಚುವ ಮೊದಲು ದಿನಚರಿ ಬರೆಯುತ್ತೇನೆ. ಅದನ್ನು ಕಂಡರೆ ಕಾಕಾಗೆ ನಗು. ನಾನು ಅವರನ್ನು ಕರೆಯುತ್ತಿದ್ದದ್ದು ಕಾಕಾ ಎಂದೇ, ಅವರ ಹೆಂಡತಿಯನ್ನು ಚಾಚಿ ಎಂದು. "ಬರ್ಕೋ ತಾಯಿ, ಬರ್ಕೋ. ಇವತ್ತು ಕಾಕಾ ಎರಡು ಸಲ ಸೀನಿದ್ದು ಬಿಟ್ಟೀಯ ಮತ್ತೆ" ಎನ್ನುತ್ತಿದ್ದರು. ನಾನು ಅದನ್ನೂ ಬರೆದಿದ್ದೇನೆ.

ಒಮ್ಮೆ ನಿಲ್ದಾಣದ ಹತ್ತಿರ ಮರದ ಕೆಳಗೆ ಇಸ್ಪೀಟು ನಡೆದಿತ್ತು. ಲುಂಗಿ ಉಟ್ಟು ತಲೆಗೆ ಟವೆಲ್ ಸುತ್ತಿದವನೊಬ್ಬ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಆಟ ನೋಡುತ್ತಿದ್ದ. ಕಾಕಾ ಚಹಾ ಕುಡಿಯಲು ಹೋಗುತ್ತ ಅವನ ಹಿಂದೆ ನಿಂತು, "ಏನ್ ಸಾಹೇಬ್ರೆ, ಮೊನ್ನಿನ ಪ್ಯಾಂಟು ಸೊಂಟದಾಗೆ ಸರಿಯಾತೇನ್ರಿ?" ಎಂದು ಕೇಳಿದರು. ಇಸ್ಪೀಟೆಲೆಗಳು ನೆಲದ ಮೇಲೇ ಉಳಿದವು, ಆಡುವವರು ಉಳಿಯಲಿಲ್ಲ. ಮಫ್ತಿಯಲ್ಲಿದ್ದ ಆ ಪೇದೆ ತಿಂಗಳುಗಟ್ಟಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. "ನಾನು ಗಿರಾಕಿನ ಮಾತಾಡಿಸ್ದೆ. ಅದ್ರಾಗೆ ನಂದೇನು ತಪ್ಪು?" ಎಂದು ಕಾಕಾ ಕೊನೆಯವರೆಗೂ ವಾದಿಸಿದರು.

ಇನ್ನೊಂದು ಅಭ್ಯಾಸ. ಗಿರಾಕಿಯ ಬಟ್ಟೆ ಅಂಗಡಿಯಲ್ಲಿರುವಷ್ಟು ದಿನ ಅವನ ಬಗ್ಗೆ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ, ಆಡುವವರನ್ನು ಕೂರಲೂ ಬಿಡುತ್ತಿರಲಿಲ್ಲ. ಜಗಳ ಬಂದರೂ ಮೊದಲು ಹೊಲಿದು, ಇಸ್ತ್ರಿ ಮಾಡಿ, ಕೈಗೆ ಕೊಟ್ಟು ಆಮೇಲೆ ಜಗಳ. ಇದನ್ನು ಅವರ ಅಪ್ಪ ಕಲಿಸಿದ್ದಂತೆ.

ಕಳೆದ ಜನವರಿಯ ಕೊನೆಯ ವಾರ ಅವರು ಒಂದು ಠಾಣೆಗೆ ಸಮವಸ್ತ್ರ ತಲುಪಿಸಲು ಹೋಗಿದ್ದರು. ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದರು. ಅಂಗಡಿ ತೆರೆದರೂ ಮಷೀನಿನ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಟೇಪು ಕೊರಳಲ್ಲಿ ಹಾಕಿಕೊಂಡು ಸುಮ್ಮನೆ ಕೂತಿದ್ದರು.

"ಹಿಂದ್ಗಡೆ ರೂಮಿನ ಕಿಟಕಿ ತೆಗೆದಿತ್ತು ತಾಯಿ," ಎಂದರು. "ಒಬ್ಬ ಹುಡುಗನ್ನ ಗ್ವಾಡೆಗೆ ಒತ್ತಿ ನಿಲ್ಸಿದ್ರು. ಹೊಡೆಯೋನ ಮುಖ ನಂಗೆ ಕಾಣ್ಲಿಲ್ಲ. ಬೆನ್ನು ಕಾಣ್ತು. ಬಲ ಭುಜ ಒಂದು ಬೆರಳು ಕೆಳಗೆ. ದಫೇದಾರಪ್ಪಂದು."

ಆ ದಫೇದಾರ ಹಿಂದೆ ಒಮ್ಮೆ ಬಂದು, ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದೆ ಎಂದು ಹೇಳಿದ್ದ. ಕಾಕಾ ಆ ಅಂಗಿಯ ತೋಳು ಬಿಚ್ಚಿ, ಕಂಕುಳಲ್ಲಿ ಒಂದು ಪಟ್ಟಿ ಸೇರಿಸಿ, ಸಡಿಲ ಮಾಡಿ ಕೊಟ್ಟಿದ್ದರು. ಈಗ ಅದನ್ನೇ ಹೇಳಿದರು: "ಸೆಲ್ಯೂಟ್ ಹೊಡೆಯಾಕೆ ಸಲೀಸಾಗ್ಲಿ ಅಂತ ಬಿಟ್ಟಿದ್ದೆ. ಕೈ ಎಷ್ಟು ಸಲೀಸಾಗಿ ಮ್ಯಾಲೆ ಹೋಗ್ತಿತ್ತು ಅಂತೀಯ."

ಹುಡುಗನ ಕೈ ಮುರಿದಿತ್ತು. ಮೆಕ್ಕೆಜೋಳದ ಲಾರಿಗೆ ಚೀಲ ತುಂಬುವ ಕೆಲಸದವನು. ಬೈಕಿನಿಂದ ಬಿದ್ದ ಎಂದು ಅವನ ಅಪ್ಪನೇ ಬರೆದುಕೊಟ್ಟಿದ್ದಾನೆಂದು ಮೂರನೆಯ ದಿನ ಗೊತ್ತಾಯಿತು. ಕಾಕಾ ಹುಡುಗನ ಊರಿಗೆ ಹೋದರು. ಅಪ್ಪ ಹೊರಗೆ ಬರಲಿಲ್ಲ. ತಾಯಿ ಬಾಗಿಲಲ್ಲೇ ನಿಂತು ಹೇಳಿದಳಂತೆ: "ನಮ್ ಕೈಲಿ ಆಗಲ್ರೀ ಯಪ್ಪಾ, ನಾವು ಇಲ್ಲೇ ಬಾಳಬೇಕು. ನೀವು ದೂರು ಕೊಡ್ತೀರ ಅಂದ್ರೆ ಬ್ಯಾಡ ಅನ್ನಲ್ಲ."

ದೂರು ಯಾರು ಕೊಡಬಹುದು ಎಂಬ ಪ್ರಶ್ನೆ ಶುರುವಾದದ್ದು ಅಲ್ಲಿ. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹುಡುಗ ನಿನ್ನ ಜಾತಿಯವನಲ್ಲ, ಊರವನಲ್ಲ, ನಿನಗೇನು ಸಂಬಂಧ? ಜಿಲ್ಲೆಯಲ್ಲಿ ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರ ಇದೆಯೆಂದು ನಾನು ಹುಡುಕಿ ಹೇಳಿದೆ. ಕಾಕಾ ನನ್ನ ಅಂಗಡಿಯಿಂದಲೇ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದೆ.

"ಹುಡುಗನಿಗೆ ನೀವು ಏನಾಗ್ಬೇಕು?" ಎಂದು ಆ ಕಡೆಯವರು ಕೇಳಿದರು.

"ಏನೂ ಆಗ್ಬೇಕಿಲ್ರಿ."

"ಆಗ್ದಿದ್ರೂ ಕೊಡಬಹುದು. ತೊಂದರೆ ಆದೋರು ಕೊಡಬಹುದು, ಅವರ ಪರವಾಗಿ ಬೇರೆ ಯಾರಾದ್ರೂ ಕೊಡಬಹುದು. ಆದ್ರೆ ಹೆಸರು, ವಿಳಾಸ ಬರೀಬೇಕು ಯಜಮಾನ್ರೆ. ವಿಚಾರಣೆಗೆ ಬರಬೇಕು."

"ಬರ್ತೀನ್ರಿ," ಎಂದರು ಕಾಕಾ.

ನಾನು ಅಂದೇ ಟೈಪು ಮಾಡುತ್ತೇನೆಂದೆ. ಕಾಕಾ ಒಪ್ಪಲಿಲ್ಲ. ದಫೇದಾರನ ಇನ್ನೊಂದು ಜೊತೆ ಸಮವಸ್ತ್ರ ಅಂಗಡಿಯಲ್ಲಿತ್ತು. ಗುಂಡಿ ಹಾಕುವುದು ಬಾಕಿ. "ಅವನ ಬಟ್ಟೆ ಇಟ್ಕೊಂಡು ಅವನ ಮ್ಯಾಲೆ ಬರೆಯಾಕೆ ಬರಲ್ಲ," ಎಂದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಗುಂಡಿ ಹಾಕಿದರು, ಇಸ್ತ್ರಿ ಮಾಡಿದರು, ಬಂದು ಒಯ್ಯಲು ಹೇಳಿ ಕಳಿಸಿದರು.

ದಫೇದಾರ ಫೆಬ್ರವರಿ 10ರ ಸಂಜೆ ಬಂದ. ಅಂಗಿ ತೊಟ್ಟು ಕೈ ಎತ್ತಿ ಇಳಿಸಿ ನೋಡಿಕೊಂಡ. ಹಲಗೆಯ ಗೋಡೆಯ ಈಚೆ ನನಗೆ ಎಲ್ಲ ಕೇಳುತ್ತಿತ್ತು.

"ಬೇಷಾಗೈತೆ ಸಾಬ್ರೆ."

"ಒಯ್ರಿ. ಇನ್ನ ನಿಮ್ದು ನನ್ನ ಹತ್ರ ಏನೂ ಇಲ್ಲ. ನಾಳೆ ನಿಮ್ಮ ಮ್ಯಾಲೆ ದೂರು ಕೊಡಾಕೆ ಹೊಂಟೀನಿ. ಆ ಹುಡುಗಂದು."

ದಫೇದಾರ ನಕ್ಕ. "ಅವರಪ್ಪನೇ ಸುಮ್ನೈದಾನೆ. ನೀವ್ಯಾರ್ರೀ ಅದಕ್ಕೆ?"

"ಆ ತೋಳು ಹೊಲಿದೋನು."

ಕಾಗದದ ಚೀಲಕ್ಕೆ ಬಟ್ಟೆ ತುಂಬುವ ಸದ್ದು ಕೇಳಿತು. ಆಮೇಲೆ ದಫೇದಾರ ಮೆಲ್ಲಗೆ, ಬಹಳ ಮರ್ಯಾದೆಯಿಂದಲೇ ಹೇಳಿದ: "ಮನೇಲಿ ಚಾಚಿ ಒಬ್ರೇ ಇರ್ತಾರಲ್ವಾ ಸಾಬ್ರೆ? ನೋಡ್ಕಳ್ರಿ."

ಮರುದಿನ ದೂರು ಹೋಯಿತು. ಆ ವಾರದಿಂದ ಖಾಕಿ ಬಟ್ಟೆಯ ಗಂಟು ಬರುವುದು ನಿಂತಿತು. ಹೊಲಿಯಲು ಕೊಟ್ಟಿದ್ದವರೂ ಕತ್ತರಿಸಿದ ಬಟ್ಟೆಯನ್ನೇ ಎತ್ತಿಕೊಂಡು ಹೋದರು. ಮಾರ್ಚಿನಲ್ಲಿ ಎದುರಿನ ಚಹಾ ಅಂಗಡಿಗೆ ಒಬ್ಬ ಬರತೊಡಗಿದ. ಹೆಲ್ಮೆಟ್ ತೆಗೆಯುತ್ತಿರಲಿಲ್ಲ, ನಮಗೆ ಬೆನ್ನು ಮಾಡಿ ಕೂರುತ್ತಿದ್ದ. ವಾರಕ್ಕೆ ಮೂರು ದಿನ, ಕೆಲವು ವಾರ ನಾಲ್ಕು. ಬಂದ ದಿನಗಳನ್ನೆಲ್ಲ ನಾನು ಗುರುತು ಹಾಕಿಟ್ಟಿದ್ದೇನೆ.

"ಯಾರು ಕಾಕಾ ಅದು?" ಎಂದು ಕೇಳಿದೆ.

"ಪ್ಯಾಂಟು ನಮ್ಮದೇ," ಎಂದರು. ಹೆಸರು ಹೇಳಲಿಲ್ಲ. ಅವರು ಹೆಸರು ಹೇಳದೆ ಬಿಟ್ಟ ಬೆನ್ನು ನನಗೆ ಗೊತ್ತಿರುವಂತೆ ಅದೊಂದೇ.

ರಂಜಾನ್ ಉಪವಾಸದ ತಿಂಗಳು ಪೂರ್ತಿ ಅವರು ಖಾಲಿ ಮಷೀನು ತುಳಿಯುತ್ತ ಕೂತಿರುತ್ತಿದ್ದರು. ದೂರು ವಾಪಸ್ ತೆಗೆದುಕೊಂಡರೆ ಎಲ್ಲ ಮೊದಲಿನಂತಾಗುತ್ತದೆಂದು ಇಬ್ಬರು ಬಂದು ಹೇಳಿ ಹೋದರು. ಚಾಚಿ ಕೂಡ ಅಳುತ್ತ ಅದನ್ನೇ ಹೇಳಿದರು. ಕಾಕಾ ಅವರಿಗೆ, "ಆ ಹುಡುಗಂಗೆ ನಾನೂ ಇಲ್ಲ ಅಂದ್ರೆ ಯಾರೂ ಇಲ್ಲ ಕಣೆ" ಎಂದಷ್ಟೇ ಹೇಳಿದರು.

ವಿಚಾರಣೆ ಏಪ್ರಿಲ್ 21, ಸೋಮವಾರ, ದಾವಣಗೆರೆಯಲ್ಲಿ. ನಾನು ಜೊತೆಗೆ ಬರುತ್ತೇನೆಂದೆ. "ಅಂಗಡಿ ಯಾಕೆ ಮುಚ್ತೀಯ? ಸಂಜೆ ಬಂದು ಎಲ್ಲ ಹೇಳ್ತೀನಿ, ಬರ್ಕೊಳ್ಳೀಯಂತೆ," ಎಂದರು. ಬಿಳಿ ಅಂಗಿ ತೊಟ್ಟಿದ್ದರು. ಬೆಳಿಗ್ಗೆ ಏಳೂಕಾಲಿನ ಬಸ್ಸು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಕೈ ಬೀಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ವಿಚಾರಣೆಯಲ್ಲಿ ಅವರ ಹೆಸರು ಕೂಗಿದಾಗ ಯಾರೂ ಏಳಲಿಲ್ಲವಂತೆ. ಕಂಡಕ್ಟರನನ್ನು ಎರಡು ಸಲ ಹೋಗಿ ಕೇಳಿದ್ದೇನೆ, ಎರಡು ಸಲವೂ ಒಂದೇ ರೀತಿ ಹೇಳಿದ. ಮಲೇಬೆನ್ನೂರಿನಲ್ಲಿ ಬಸ್ಸು ನಿಂತಾಗ ಕೆಳಗಿನಿಂದ ಯಾರೋ ಹೆಸರು ಹಿಡಿದು ಕರೆದರು. ಯಜಮಾನರು ಪರಿಚಯದವರನ್ನು ಕಂಡವರಂತೆ ಇಳಿದರು. ಊಟದ ಡಬ್ಬಿ ಸೀಟಿನ ಮೇಲೇ ಇತ್ತು. ಬಸ್ಸಿನವರು ಹಾರನ್ ಹೊಡೆದು ಕಾದರು, ಆಮೇಲೆ ಹೊರಟರು. ಡಬ್ಬಿಯನ್ನು ಅವನೇ ತಂದು ಕೊಟ್ಟ. ಚಾಚಿ ಅದರ ಮುಚ್ಚಳ ತೆಗೆಯಲು ಯಾರಿಗೂ ಬಿಡಲಿಲ್ಲ.

ಕಾಣೆಯಾಗಿದ್ದಾರೆಂದು ಚಾಚಿ ಕೊಟ್ಟ ದೂರು ದಾಖಲಾಗಿದೆ. ಹುಡುಕುತ್ತಿದ್ದೇವೆ ಎನ್ನುತ್ತಾರೆ. ಹುಡುಗನ ದೂರು ಮಾತ್ರ, ದೂರುದಾರರು ಹಾಜರಿಲ್ಲ ಎಂಬ ಕಾರಣಕ್ಕೆ, ಮುಗಿಯುವ ಹಂತಕ್ಕೆ ಬಂದಿತ್ತು. ಮೇ ತಿಂಗಳಲ್ಲಿ ನಾನು ಹುಡುಗನ ತಾಯಿಯ ಬಳಿ ಹೋಗಿ ಬಂದೆ. ಆಮೇಲೆ ಅವನ ಪರವಾಗಿ ನನ್ನ ಹೆಸರು, ನನ್ನ ವಿಳಾಸ ಹಾಕಿ ಹೊಸ ದೂರು ಟೈಪು ಮಾಡಿ ಕಳಿಸಿದೆ. ಸ್ವೀಕರಿಸಿದ್ದಾರೆ. ವಿಚಾರಣೆ ಇದೇ ತಿಂಗಳ 30ಕ್ಕೆ.

ನಿನ್ನೆ ಬಕ್ರೀದ್. ಚಾಚಿಯನ್ನು ಮಾತಾಡಿಸಿ ಅಂಗಡಿಗೆ ಬಂದಾಗ, ಎರಡು ತಿಂಗಳಿಂದ ಕಾಣದಿದ್ದ ಆ ಹೆಲ್ಮೆಟ್ಟಿನವನ ಬೈಕು ಚಹಾ ಅಂಗಡಿಯ ಮುಂದೆ ನಿಂತಿತ್ತು. ಈ ಸಲ ಅವನು ನನ್ನ ಅಂಗಡಿಯ ಕಡೆ ಮುಖ ಮಾಡಿ ಕೂತಿದ್ದ.

ಏಪ್ರಿಲ್ 21ರ ಬೆಳಿಗ್ಗೆ ಆ ಬಸ್ಸಿನಲ್ಲಿದ್ದವರು, ಅಥವಾ ಮಲೇಬೆನ್ನೂರು ನಿಲ್ದಾಣದಲ್ಲಿ ಬಿಳಿ ಅಂಗಿಯ ಮುದುಕರೊಬ್ಬರು ಯಾರ ಜೊತೆ, ಯಾವ ಕಡೆ ನಡೆದರೆಂದು ಕಂಡವರು, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಹೆಸರು ಹಾಕದಿದ್ದರೂ ಆದೀತು. ಮೂವತ್ತರಂದು ನಾನೂ ಏಳೂಕಾಲಿನ ಬಸ್ಸಿಗೇ ಹೋಗಬೇಕು. ಪತ್ರ ಅದಕ್ಕೆ ಮೊದಲು ಕೈಸೇರಿದರೆ ಒಳ್ಳೆಯದು.