ಬಾಗಿಲ ಹೊರಗಿನ ಚಪ್ಪಲಿ ಲೆಕ್ಕ

ಬೆಳಗಿನ ಐದೂವರೆ. ಬ್ಯಾಡಗಿಯ ಓಣಿಯಲ್ಲಿ ನಿನ್ನೆಯ ಮೆಣಸಿನಕಾಯಿ ಘಾಟು ಇನ್ನೂ ಇಳಿದಿಲ್ಲ. ಮಹೇಶ್ವರಿ ಎರಡು ಸಲ ಸೀನಿ, ಮೂಗು ಒರೆಸಿಕೊಂಡು, ಚಾಪೆಯ ಮೇಲೆ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಒಂದು ಪ್ರೋಗ್ರಾಮು ಓಡತೊಡಗುತ್ತದೆ. ನಡುವೆಯೇ ಕಂಟ್ರೋಲ್ ಮತ್ತು ಸಿ ಕೀಗಳನ್ನು ಒಟ್ಟಿಗೆ ಒತ್ತುತ್ತಾರೆ. ಅದು ನಿಲ್ಲುತ್ತದೆ. ನಿಂತದ್ದನ್ನು ಎಣಿಸಿ, ಮತ್ತೆ ಓಡಿಸುತ್ತಾರೆ, ಮತ್ತೆ ತಡೆಯುತ್ತಾರೆ. ಒಲೆಯ ಮೇಲೆ ಚಹಾ ಉಕ್ಕಿದರೂ ಅತ್ತ ಲಕ್ಷ್ಯವಿಲ್ಲ.

“ಓಡೂದನ್ನ ನಿಲ್ಸೂದ ನನ್ನ ಕೆಲಸರಿ,” ಎಂದು ನಗುತ್ತಾರೆ. “ದಿನಾ ಮುನ್ನೂರು ಸಲ ನಿಲ್ಲಸ್ತೇನಿ. ನಮ್ಮವ್ವ ಅಂತಾಳ, ಒಂದ ಸಲನಾರ ಓಡಾಕ ಬಿಡ ಪಾಪ ಅಂತ.”

ಪ್ರೋಗ್ರಾಮಿನ ತಪ್ಪು ಹುಡುಕಲು ಅದನ್ನು ನಡುದಾರಿಯಲ್ಲಿ ತಡೆದು, ಒಳಗೆ ಇಣುಕಿ ನೋಡುವ ಸಾಧನಕ್ಕೆ ಡಿಬಗ್ಗರ್ ಎಂದು ಹೆಸರು. ದೊಡ್ಡ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಹತ್ತಾರು ಎಳೆಗಳು ಕೆಲಸ ಮಾಡುತ್ತಿರುತ್ತವೆ. ಬಲ್ಲವರು ಅವನ್ನು ಥ್ರೆಡ್ ಎನ್ನುತ್ತಾರೆ. ನಿಲ್ಲು ಎಂದಾಗ ಅಷ್ಟೂ ನಿಲ್ಲಬೇಕು. ಒಂದೇ ಒಂದು ಕದ್ದು ಓಡುತ್ತಿದ್ದರೂ ಇಣುಕಿದವನಿಗೆ ಕಾಣುವುದೆಲ್ಲ ಸುಳ್ಳು. ಡಾಕ್ಟರರ ಥರ್ಮಾಮೀಟರೇ ಸರಿಯಿದೆಯೇ ಎಂದು ನೋಡುವಂಥ ಕೆಲಸ ಮಹೇಶ್ವರಿಯವರದು. ಜ್ವರ ಇಳಿದರೆ ಯಾರೂ ಅವರನ್ನು ನೆನೆಯುವುದಿಲ್ಲ.

ಹುಟ್ಟೂರು ಕದರಮಂಡಲಗಿ. ಅಪ್ಪ ತೀರಿಕೊಂಡಾಗ ಅವರಿಗೆ ಹನ್ನೊಂದು ವರ್ಷ. ತಾಯಿ ಚೌಡವ್ವ ಮಗಳನ್ನು ಕಟ್ಟಿಕೊಂಡು ಬ್ಯಾಡಗಿಗೆ ಬಂದು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಕೂತರು, ಇಂದಿಗೂ ಕೂರುತ್ತಾರೆ. ಶಾಲೆಯ ಸೂಟಿಯಲ್ಲಿ ಮಗಳೂ ಕೂರುತ್ತಿದ್ದಳು. ರಾತ್ರಿ ಬೆರಳುರಿ ತಾಳದೆ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಡಿಪ್ಲೊಮಾ ಓದಿದ ಹುಡುಗಿ ಅದು. ಆರು ವರ್ಷಗಳಿಂದ ಹಾವೇರಿಯ ಒಂದು ಸಣ್ಣ ಆಫೀಸಿಗೆ ಮನೆಯಿಂದಲೇ ಟೆಸ್ಟಿಂಗ್ ಮಾಡಿಕೊಡುತ್ತಾರೆ. ಕಂಪ್ಯೂಟರು ರಾಣೆಬೆನ್ನೂರಿನ ಬೀಜದ ಅಂಗಡಿಯೊಂದು ತೆಗೆದು ಹಾಕಿದ್ದು. ಅದರ ಹಣೆಯ ಮೇಲೆ ಸೂರ್ಯಕಾಂತಿಯ ಚೀಟಿ ಇನ್ನೂ ಅಂಟಿಕೊಂಡಿದೆ.

ಆ ಹಳೆಯ ಡಬ್ಬವೇ ಹೋದ ವರ್ಷ ಅವರ ಕೆಲಸಕ್ಕೆ ಕುತ್ತು ತಂದಿತ್ತು. ಅವರು ಬರೆದ ಒಂದು ಪರೀಕ್ಷೆಯಲ್ಲಿ ಅರವತ್ನಾಲ್ಕು ಎಳೆಗಳು ಹುಟ್ಟಿ ಓಡುತ್ತವೆ. ತಡೆದಾಗ ಎಲ್ಲವೂ ನಿಂತವು ಎಂದು ಡಿಬಗ್ಗರ್ ಹೇಳುತ್ತದೆ. ಆದರೆ ಇನ್ನೂರು ಮುನ್ನೂರು ಸಲಕ್ಕೊಮ್ಮೆ, ನಿಂತ ಪ್ರೋಗ್ರಾಮಿನೊಳಗಿನ ಅಂಕಿಗಳು ತಾವಾಗಿಯೇ ಬದಲಾಗುತ್ತವೆ! ದೂರು ಬರೆದು ಕಳಿಸಿದರು. ಆಫೀಸು ನಡೆಸುವ ಋಷಿಕೇಶ ತಮ್ಮ ಹೊಸ ಯಂತ್ರದಲ್ಲಿ ಸಾವಿರ ಸಲ ಓಡಿಸಿ ನೋಡಿದರು. ಒಮ್ಮೆಯೂ ತಪ್ಪು ಕಾಣಲಿಲ್ಲ.

“ಮಹೇಶ್ವರಿ ಅವ್ರ, ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ,” ಎಂದು ಫೋನಿನಲ್ಲಿ ರೇಗಿದರು. “ನಿಮ್ಮ ಡಬ್ಬಾದಾಗ ದೋಷ ಅದ. ಶನಿವಾರದೊಳಗ ತೋರಸ್ರಿ, ಇಲ್ಲಾಂದ್ರ ಆ ಟೆಸ್ಟ್ ತಗದ ಬಿಡ್ತೇನಿ.”

ಟೆಸ್ಟ್ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಅವರ ಎರಡು ದೂರುಗಳು ಆಗಲೇ ‘ಯಂತ್ರದ ದೋಷ’ ಎಂಬ ಷರಾ ಹೊತ್ತು ಮರಳಿದ್ದವು. ಮೂರನೆಯದೂ ಮರಳಿದರೆ ಕೆಲಸ ಬೇರೆಯವರ ಪಾಲು. ನಾಲ್ಕು ದಿನ ಮಹೇಶ್ವರಿಗೆ ಅನ್ನ ರುಚಿಸಲಿಲ್ಲ. “ಕದರಮಂಡಲಗಿ ಹನುಮಪ್ಪಗ ಬೇಡ್ಕೋ,” ಎಂದರು ಚೌಡವ್ವ. “ಹನುಮಪ್ಪಗ ಕಂಪ್ಯೂಟರ್ ಬರಾಂಗಿಲ್ಲ ಯವ್ವಾ,” ಎಂದು ಮಗಳು ಸಿಡುಕಿದರು.

ಶುಕ್ರವಾರ ಸಂಜೆ ತಾಯಿಯನ್ನು ಕರೆತರಲು ಮೆಣಸಿನಕಾಯಿ ಶೆಡ್ಡಿಗೆ ಹೋದಾಗ, ಚೌಡವ್ವ ಎಂದಿನಂತೆ ಬಾಗಿಲಲ್ಲಿ ಬಗ್ಗಿ ನಿಂತು ಚಪ್ಪಲಿ ಎಣಿಸುತ್ತಿದ್ದರು. ಇದು ಅವರ ಹಳೆಯ ರೂಢಿ. ಹಿಂದೊಮ್ಮೆ ಮೇಸ್ತ್ರಿ ಗುಡದಪ್ಪ ಹಾಜರಿ ಪುಸ್ತಕ ನೋಡಿ, ಹೆಸರಿದ್ದವರೆಲ್ಲ ಹೊರಬಂದರೆಂದು ಕೀಲಿ ಹಾಕಿಬಿಟ್ಟಿದ್ದ. ಹಾಜರಿ ಕೂಗಿ ಪುಸ್ತಕ ಮುಚ್ಚಿದ ಮೇಲೆ ಬಂದಿದ್ದ ಸೈದಾಬಿ, ಚೀಲಗಳ ಹಿಂದೆ ತೊಟ್ಟು ಬಿಡಿಸುತ್ತ, ಆ ಘಾಟಿನೊಳಗೆ ಎರಡು ತಾಸು ಕೆಮ್ಮುತ್ತ ಉಳಿದಳು. ಅಂದಿನಿಂದ ಚೌಡವ್ವ ಪುಸ್ತಕ ನಂಬುವುದಿಲ್ಲ. “ಹೊರಗ ಚಪ್ಪಲಿ ಉಳದಾವಂದ್ರ ಒಳಗ ಮಂದಿ ಅದಾರ ಅಂತ ಅರ್ಥರಿ,” ಎನ್ನುತ್ತಾರೆ.

ಬಾಲ್ಯದಿಂದ ನೋಡಿದ ನೋಟವೇ. ಆದರೆ ಅಂದು ಮಹೇಶ್ವರಿಗೆ ತಾನು ಮಾಡುತ್ತಿದ್ದ ತಪ್ಪು ಹೊಳೆಯಿತು. ಎಲ್ಲವೂ ನಿಂತವೇ ಎಂದು ಅವರು ಡಿಬಗ್ಗರನ್ನೇ ಕೇಳುತ್ತಿದ್ದರು. ಅದು ತನ್ನ ಹಾಜರಿ ಪುಸ್ತಕ ನೋಡಿ ಹೂಂ ಎನ್ನುತ್ತಿತ್ತು. ಮನೆಗೆ ಬಂದವರೇ ಪರೀಕ್ಷೆಯನ್ನು ತಿದ್ದಿದರು. ಎಷ್ಟು ಎಳೆಗಳಿವೆ ಎಂದು ಈ ಸಲ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನೇ ಬೇರೆಯಾಗಿ ಕೇಳಿದರು. ನೂರಾ ಎಂಬತ್ತನೆಯ ಓಟದಲ್ಲಿ ಡಿಬಗ್ಗರ್ ಅರವತ್ಮೂರು ಎಂದಿತು, ಸಿಸ್ಟಮ್ ಅರವತ್ನಾಲ್ಕು ಎಂದಿತು. ನಿಲ್ಲು ಎಂದ ಕ್ಷಣದಲ್ಲೇ ಹುಟ್ಟಿದ ಒಂದು ಎಳೆಯ ಹೆಸರು ಪಟ್ಟಿಗೆ ಹತ್ತಿರಲಿಲ್ಲ, ಅದಕ್ಕೆ ಯಾರೂ ನಿಲ್ಲೆಂದು ಹೇಳಿರಲಿಲ್ಲ. ಹೊಸ ಯಂತ್ರದ ವೇಗದಲ್ಲಿ ಆ ಕ್ಷಣ ಕಣ್ಣಿಗೆ ಸಿಗುವುದೇ ಅಪರೂಪ. ಮೆಲ್ಲಗೆ ನಡೆಯುವ ಸೂರ್ಯಕಾಂತಿ ಡಬ್ಬ ಅದನ್ನು ಹಿಡಿದುಕೊಟ್ಟಿತ್ತು.

ಶನಿವಾರ ಬೆಳಿಗ್ಗೆ ಋಷಿಕೇಶ ಹಾವೇರಿಯಿಂದ ಬೈಕಿನಲ್ಲಿ ಬಂದು, ಸೀನುತ್ತ, ಅದೇ ಚಾಪೆಯ ಮೇಲೆ ಎರಡು ತಾಸು ಕೂತರು. ಕೊನೆಗೆ ಪರದೆಯ ಮೇಲೆ ಎರಡೂ ಅಂಕಿ ಕಂಡವು. “ಖರೇ ಅದರಿ. ನೆಲಾನ ಡೊಂಕ ಇತ್ತು, ತಪ್ಪ ನಂದ,” ಎಂದರು. ಹಾಗೆ ಹೇಳುವುದಕ್ಕೂ ದೊಡ್ಡ ಮನಸ್ಸು ಬೇಕು.

ಡಿಬಗ್ಗರ್ ಕಟ್ಟುವವರು ಹದಿನೈದು ದಿನದಲ್ಲಿ ತಪ್ಪು ತಿದ್ದಿದರು. ಪರೀಕ್ಷೆ ಖಾಯಂ ಪಟ್ಟಿಗೆ ಸೇರಿತು. ತಿದ್ದುಪಡಿಯ ಟಿಪ್ಪಣಿಯಲ್ಲಿ ಮಹೇಶ್ವರಿಯ ಹೆಸರಿಲ್ಲ. ಬೇಸರವಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ಟೆಸ್ಟಿಗೆ ಹೆಸರ ಇಡೂದು ನನ್ನ ಕೈಯಾಗ ಇತ್ತರಿ. ಅವ್ವನ ಹೆಸರ ಇಟ್ಟೆ. ಆ ಟೆಸ್ಟ್ ಎಂದೂ ಫೇಲ್ ಆಗಬಾರ್ದು, ಅಷ್ಟ ನನ್ನ ಆಸೆ.”

ಇಂದಿನ ಮುನ್ನೂರು ಓಟ ಮುಗಿಯುತ್ತದೆ. ಪರದೆಯ ಮೇಲೆ ಕಡೆಯ ಸಾಲು ಮೂಡುತ್ತದೆ: ಚೌಡವ್ವ, ಪಾಸ್. ಬುತ್ತಿ ಗಂಟು ಹಿಡಿದು ಹೊರಟ ಚೌಡವ್ವ ಹೊಸ್ತಿಲಲ್ಲಿ ನಿಂತು, ಮಗಳಿಂದ ಅದನ್ನು ಓದಿಸಿ ಕೇಳಿಕೊಂಡೇ ಚಪ್ಪಲಿ ಮೆಟ್ಟುತ್ತಾರೆ.

“ಸಾಲಿ ಕಟ್ಟಿ ಹತ್ತಿದಾಕಿ ಅಲ್ಲರಿ ನಾನು,” ಎನ್ನುತ್ತಾರೆ. “ಈಗ ನೋಡ್ರಿ, ದಿನಾ ಪಾಸ್ ಆಗಾಕತ್ತೇನಿ.”