ಏಳನೇ ತೂತು

ಬೆಸುಗೆಯ ಮೇಲೆ ಬಣ್ಣ ಬಳಿಯಬಾರದು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಕೂತು ಬಸ್ಸುಗಳ ಪೆಟ್ರೋಲ್ ಟ್ಯಾಂಕಿಯ ತೂತು ಮುಚ್ಚುತ್ತಿದ್ದ ಮೂಸಕುಂಞಿ ಹಿಡಿದ ಹಠ ಇದೊಂದೇ. ಟ್ಯಾಂಕಿಗೆ ಮೂರು ಸಲ ನೀರು ತುಂಬಿಸಿ ಚೆಲ್ಲಿ, ಮೂಗಿಟ್ಟು ನೋಡಿ, ಒಳಗೆ ಪೆಟ್ರೋಲಿನ ಆವಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅವನ ಕಾದ ಸಲಾಕೆ ತಗಡನ್ನು ಮುಟ್ಟುತ್ತಿತ್ತು. ಮುಗಿದ ಬೆಸುಗೆ ಬೆಳ್ಳಗೆ ಬತ್ತಲೆ ಇರಬೇಕು. ಮತ್ತೆ ಸೋರಿದರೆ ಡ್ರೈವರನ ಕಣ್ಣಿಗೆ ಒದ್ದೆ ಕಾಣಬೇಡವೇ?

ಧಣಿ ರಾಮಪ್ರಸಾದನ ಬಸ್ಸು ಎಂದರೆ ಯುದ್ಧ ಮುಗಿದಾಗ ಸೈನ್ಯ ಬಿಸಾಡಿದ ಲಾರಿಗೆ ಮರದ ಗೂಡು ಕೂರಿಸಿದ್ದು. ಪುತ್ತೂರಿನಿಂದ ಸುಳ್ಯ ದಾಟಿ ಅರಂತೋಡಿಗೆ ಅದರ ಓಟ. ಟ್ಯಾಂಕಿ ಇದ್ದದ್ದು ಹೆಂಗಸರ ಸೀಟಿನ ಅಡಿಯಲ್ಲಿ. ಧಣಿಯ ಮನೆಯ ಹೆಂಗಸರು ಆ ಸೀಟು ಕಂಡವರಲ್ಲ, ಅವರಿಗೆ ಕಾರಿತ್ತು. ಮೂಸಕುಂಞಿಯ ಹೆಂಡತಿ ಅಲೀಮಮ್ಮ ಸುಳ್ಯದ ತವರಿಗೆ ಹೋಗುತ್ತಿದ್ದದ್ದು ಅದರ ಮೇಲೆಯೇ ಕೂತು.

ಐವತ್ತೆಂಟರ ಬೇಸಿಗೆಯಲ್ಲಿ ಡ್ರೈವರ್ ಕುಕ್ಕಪ್ಪ ಆ ಟ್ಯಾಂಕಿಯನ್ನು ಏಳನೇ ಸಲ ಹೊತ್ತು ತಂದ. ತೂತಿಗೆ ಬಟ್ಟೆ ಒಗೆಯುವ ಸಾಬೂನು ಮೆತ್ತಿತ್ತು. ಮೂಸಕುಂಞಿ ಸುತ್ತಲಿನ ತಗಡು ಒತ್ತಿದ. ಹಪ್ಪಳದ ಹಾಗೆ ಮುರಿಯಿತು.

"ಇದಕ್ಕೆ ಇನ್ನು ಬೆಸುಗೆ ಹಿಡಿಯುದಿಲ್ಲ. ಹೊಸತು ಹಾಕಿಸ್ಲಿಕ್ಕೆ ಹೇಳು."

"ನೀನೇ ಹೇಳು ಮಾರಾಯ. ನಾನು ಹೇಳಿದ್ರೆ ನಾಳೆ ಸ್ಟೇರಿಂಗ್ ಹಿಡಿಯುದು ಬೇರೆಯವ."

ರಾಮಪ್ರಸಾದ ತಾನೇ ಬಂದ. "ನಾಳೆ ಬಸ್ಸು ತಪಾಸಣೆಗೆ ಬ್ರೇಕ್ ಇನ್ಸ್‌ಪೆಕ್ಟರ್ ಬರುದುಂಟು. ಒಂದು ತೇಪೆ ಹಾಕು. ಹೊಸತು ಮತ್ತೆ ನೋಡುವ."

"ಮತ್ತೆ ಅಂತ ನೀವು ಹೇಳುದು ಇದು ನಾಲ್ಕನೇ ಸಲ ಧಣಿಗಳೇ. ನಿಮ್ಮ ಮನೆಯವರನ್ನು ಈ ಸೀಟಲ್ಲಿ ಅರಂತೋಡಿಗೆ ಕಳಿಸ್ತೀರಾ? ಕಳಿಸುದಾದ್ರೆ ಈಗಲೇ ಸಲಾಕೆ ಕಾಯಿಸ್ತೇನೆ."

"ತಗಡು ಬಡಿಯುವವನಿಗೆ ಎಂತದಾ ಇಷ್ಟು ನಾಲಗೆ!" ಎಂದವನೇ ಧಣಿ ಟ್ಯಾಂಕಿ ಎತ್ತಿಸಿಕೊಂಡು ಹೋದ.

ಮರುದಿನ ಬೆಳಿಗ್ಗೆ ಬಸ್ಸು ಮದುಮಗನ ಹಾಗೆ ನಿಂತಿತ್ತು. ತೂತಿಗೆ ಅರಗು ತುಂಬಿ, ಟ್ಯಾಂಕಿಗೆಲ್ಲ ಕರಿ ಬಣ್ಣ ಬಳಿದಿದ್ದರು. ಆರು ಹಳೆಯ ಬೆಸುಗೆಗಳೂ ಅದರಡಿ ಮಾಯ. ಇನ್ಸ್‌ಪೆಕ್ಟರ್ ಒಂದು ಸುತ್ತು ಬಂದ, ಹಾರನ್ ಒತ್ತಿಸಿದ, ಎಳನೀರು ಕುಡಿದ, ರುಜು ಹಾಕಿದ. ಬಗ್ಗಿ ನೋಡಿದರೆ ಅವನ ಇಸ್ತ್ರಿಯ ಪ್ಯಾಂಟಿಗೆ ಮಣ್ಣಾಗುತ್ತಿತ್ತು ನೋಡಿ! ನಲವತ್ತು ಜೀವಕ್ಕಿಂತ ಆ ಇಸ್ತ್ರಿ ದೊಡ್ಡದಾಯಿತು.

ಹೆಂಗಸರು ಹತ್ತತೊಡಗಿದ್ದರು. ಒಬ್ಬಳ ಸೊಂಟದಲ್ಲಿ ಮಗು. ಮೂಸಕುಂಞಿ ಅಂಗಡಿಯಿಂದೆದ್ದು ಬಂದು, ಯಾರನ್ನೂ ಕೇಳದೆ, ಬಸ್ಸಿನಡಿ ನುಸುಳಿ ಏಳನೇ ತೂತಿದ್ದ ಜಾಗಕ್ಕೆ ಹೆಬ್ಬೆರಳು ಒತ್ತಿದ. ಬೆರಳು ಬುಡದವರೆಗೂ ಒಳಗೆ ಹೋಯಿತು. ಹೊರಗೆಳೆದದ್ದೇ ಪೆಟ್ರೋಲ್ ಅವನ ತೋಳಿನ ಮೇಲೆ ಧಾರೆಯಾಗಿ ಇಳಿಯಿತು.

"ಬೀಡಿ ನಂದಿಸಿ! ಎಲ್ಲ ಇಳಿಯಿರಿ!" ಕುಕ್ಕಪ್ಪ ಬೊಬ್ಬೆ ಹಾಕಿದ.

ಇಳಿದವರು ಬೈದದ್ದು ಯಾರನ್ನು? ಧಣಿಯನ್ನಲ್ಲ. ಇನ್ಸ್‌ಪೆಕ್ಟರನ್ನಲ್ಲ. ಅಣ್ಣನ ಮಗಳ ಮದುವೆಗೆ ಹೊರಟಿದ್ದ ಅರಂತೋಡಿನ ಮೇದಪ್ಪ ಗೌಡರಂತೂ ಕೊಡೆ ಎತ್ತಿಕೊಂಡು ಬಂದರು.

"ನಿನ್ನ ಕೈ ಸೇದಿಹೋಗ್ಲಿ! ಹನ್ನೊಂದೂವರೆಗೆ ಮುಹೂರ್ತ ಉಂಟು. ಸರೀ ಹೋಗ್ತಿದ್ದ ಬಸ್ಸಿಗೆ ತೂತು ಮಾಡಿದ್ಯಲ್ಲ!"

ಮೂಸಕುಂಞಿ ರಕ್ತ ಸೋರುವ ಹೆಬ್ಬೆರಳು ತೋರಿಸಿದ. "ಬೆರಳಲ್ಲಿ ಕಬ್ಬಿಣ ತೂತು ಮಾಡ್ಲಿಕ್ಕೆ ನಾನೇನು ಪೈಲ್ವಾನನಾ ಗೌಡ್ರೆ?"

ಯಾರೂ ನಗಲಿಲ್ಲ. ಧಣಿ ದೂರು ಕೊಟ್ಟ. ಸಂಜೆಯವರೆಗೆ ಠಾಣೆಯ ಜಗಲಿಯಲ್ಲಿ ಕೂತದ್ದು ಮೂಸಕುಂಞಿ. ಬಣ್ಣ ಬಳಿಸಿದವನನ್ನು, ರುಜು ಹಾಕಿದವನನ್ನು ಯಾರೂ ಕರೆಯಲಿಲ್ಲ. ಆದರೆ ಹೆಬ್ಬೆರಳು ಹೊಕ್ಕ ತೂತನ್ನು ಯಾವ ಅರಗೂ ಮುಚ್ಚಲಾರದು. ಹತ್ತು ದಿನದಲ್ಲಿ ಮಂಗಳೂರಿನಿಂದ ಹೊಸ ಟ್ಯಾಂಕಿ ಬಂತು. ಅಂದಿನಿಂದ ಪುತ್ತೂರಿನ ಒಂದೇ ಒಂದು ಬಸ್ಸು ಮೂಸಕುಂಞಿಯ ಅಂಗಡಿಗೆ ಬರಲಿಲ್ಲ. ಧಣಿಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದರು. ಅವನು ಕೆಂಡಕ್ಕೆ ಗಾಳಿ ಊದುವ ತಿದಿ, ಸಲಾಕೆ ಕಟ್ಟಿಕೊಂಡು ಸುಳ್ಯದ ಸಂತೆಗೆ ಹೋಗಿ ಕೊಡಪಾನಗಳಿಗೆ ಬೆಸುಗೆ ಹಾಕುತ್ತ ಕೂತ.

ಮೂರು ವರ್ಷ ಕಳೆದ ಮೇಲೆ ಒಂದು ದಿನ ಮೇದಪ್ಪ ಗೌಡರು ಸೋರುವ ಕೊಡಪಾನ ಹಿಡಿದು ಎದುರು ನಿಂತರು. ಗುರುತು ಹತ್ತಿತು.

"ಓ, ನೀನಾ! ಅಂದು ನಮ್ಮ ಹುಡುಗಿಯ ಧಾರೆ ನೋಡ್ಲಿಕ್ಕೆ ಬಿಡದವ! ನನಗೆ ಇವತ್ತಿಗೂ ಸಿಟ್ಟುಂಟು."

ಮೂಸಕುಂಞಿ ಕೊಡಪಾನ ತಿರುಗಿಸುತ್ತ ಕೇಳಿದ. "ಬಂದದ್ದು ಹೇಗೆ ಗೌಡ್ರೆ?"

"ಅದೇ ಬಸ್ಸಲ್ಲಿ. ಮನೆಯವಳೂ ಬಂದಿದ್ದಾಳೆ."

"ಸೀಟಿನಡಿ ಪೆಟ್ರೋಲ್ ವಾಸನೆ ಬಂತಾ?"

"ಇಲ್ಲಪ್ಪ. ಎಂತಕ್ಕೆ?"

"ಹಾಗಾದ್ರೆ ನಿಮ್ಮ ಸಿಟ್ಟು ನಿಮ್ಮತ್ರವೇ ಇರ್ಲಿ. ನನ್ನದೇ ನನಗೆ ಬೇಕಾದಷ್ಟುಂಟು," ಎಂದು ಮೂಸಕುಂಞಿ ಸಲಾಕೆಯನ್ನು ಕೆಂಡದೊಳಗೆ ಚುಚ್ಚಿದ.