ಬಣ್ಣದ ಮಠದ ಅಂಗಳದಲ್ಲಿ ಒಂದು ‘ಬರ್ತೇನ್ರಿ’

ಅಕ್ಕ ಹಾಕಿದ್ದು ಒಂದೇ ಷರತ್ತು. ಹುಡುಗ ನೋಡಲು ಬರುವುದಾದರೆ ಮನೆಗೆ ಬರಬಾರದು. ಹಿಂದೆ ಎರಡು ಸಲ ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ‘ತಿಳಸ್ತೇವ್ರಿ’ ಎಂದು ಹೋದವರು ಏನೂ ತಿಳಿಸಲಿಲ್ಲ. ಅವರು ತಿಳಿಸದಿದ್ದರೂ ಸಾಂಬ್ರಾಣಿ ಊರಿನ ನಮ್ಮ ಓಣಿಗೆ ಎಲ್ಲ ತಿಳಿಯಿತು. ನಳದ ಹತ್ತಿರ ಕೊಡ ಹಿಡಿದು ನಿಂತ ಅಕ್ಕನನ್ನು ‘ಏನಾತವಾ?’ ಎಂದು ಕೇಳುತ್ತಿದ್ದವರ ದನಿಗಳನ್ನು ನಾನು ಒಂದೊಂದಾಗಿ ಮಾಡಿ ತೋರಿಸಬಲ್ಲೆ. ತೋರಿಸಲು ಹೋಗಿ ಅಕ್ಕನ ಕೈಯಿಂದ ಲಟ್ಟಣಿಗೆಯ ಏಟು ತಿಂದದ್ದೂ ಇದೆ.

ಹೀಗಾಗಿ ಈ ಸಲ ಮುಂಡಗೋಡದ ಹತ್ತಿರದ ಟಿಬೆಟಿಯನ್ನರ ಕ್ಯಾಂಪಿನಲ್ಲಿ ಭೇಟಿಯಾಗುವುದೆಂದು ಗೊತ್ತಾಯಿತು. ಹುಡುಗನಿಗೆ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಶಿಫ್ಟ್ ಕೆಲಸ. ಅವನ ತಾಯಿಯ ತವರು ಕ್ಯಾಂಪಿಗೆ ಹತ್ತಿರದ ಸನವಳ್ಳಿ. ಅವರು ತವರಿಗೆ ಬಂದ ಹಾಗೆ, ನಾವು ಅಲ್ಲಿನ ಬಣ್ಣದ ಮಠ ನೋಡಲು ಹೋದ ಹಾಗೆ. ಎದುರಾದರೆ ಎದುರಾದೆವು. ನಾಳೆ ಬೇಡವೆನಿಸಿದರೆ ಯಾರೂ ಯಾರನ್ನೂ ಬೇಡವೆಂದಂತಾಗುವುದಿಲ್ಲ, ಎಲ್ಲರೂ ಗೋಡೆ ನೋಡಲು ಬಂದವರು.

ಹಿರಿಯನಾಗಿ ಮಾಮಾ ಬಂದ. ಅವನು ಅವ್ವನ ತಮ್ಮ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಮಾತುಕತೆಗಳೆಲ್ಲ ಅವನವೇ. ಹಳಿಯಾಳದಲ್ಲಿ ಮನೆಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಅವ್ವ ಹೊರಟರೆ ಓಣಿಗೆ ಗೊತ್ತಾಗುತ್ತದೆ ಎಂದು ಅವಳನ್ನು ಮನೆಯಲ್ಲೇ ಬಿಟ್ಟೆವು. ಬಸ್ಸಿನಲ್ಲಿ ಮಾಮಾ ನನ್ನ ಕಡೆ ತಿರುಗಿದ.

“ನೋಡಪಾ, ಅಲ್ಲಿ ಯಾರದೂ ಅಣಕ ಮಾಡಬ್ಯಾಡ. ಬಾಯಿ ಮುಚಗೊಂಡು ನಿಂದರು.”

“ಆತು ಮಾಮಾ, ನಿಂದರತೇನಿ,” ಎಂದೆ, ಅವನದೇ ಮೂಗಿನ ದನಿಯಲ್ಲಿ.

ಅಕ್ಕ ಕಿಟಕಿಯ ಕಡೆ ಮುಖ ಮಾಡಿ ನಕ್ಕಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ಎಲ್ಲೋ ದೂರದ ಬೆಟ್ಟದ ಮೇಲಿನ ಹಳೆಯ ಊರೊಂದನ್ನು ಅನಾಮತ್ತಾಗಿ ಎತ್ತಿ ತಂದು ಗೋವಿನಜೋಳದ ಹೊಲಗಳ ನಡುವೆ ಇಳಿಸಿದಂತಿದೆ ಆ ಕ್ಯಾಂಪು. ಬಿಳಿಯ ಗೋಡೆಗಳು, ಕಿಟಕಿಗಳ ಸುತ್ತ ಕೆಳಗಿಳಿದಂತೆ ಅಗಲವಾಗುವ ಕಪ್ಪು ಪಟ್ಟಿ. ಅದರ ಮೇಲೆ ಕೆಂಪು, ನೀಲಿ, ಹಸಿರು, ಬಂಗಾರ. ಒಂದು ಬಣ್ಣಕ್ಕೂ ರಜೆ ಕೊಟ್ಟಿಲ್ಲ. ತೊಲೆಗಳ ತುಂಬ ಮೋಡ, ಮೋಡದೊಳಗೆ ಮೀಸೆ ಬಿಟ್ಟ ಉದ್ದನೆಯ ಪ್ರಾಣಿ. ಬಾಗಿಲ ಪಕ್ಕದ ಗೋಡೆಯಲ್ಲಿ ಕಣ್ಣು ಕೆಕ್ಕರಿಸಿ ನಿಂತ ಒಬ್ಬ ಕಾವಲುಗಾರ. ಅವನ ಹುಬ್ಬು ನಮ್ಮ ಊರಿನ ಬಸ್ಸಿನ ಕಂಡಕ್ಟರನದೇ, ಆದರೆ ಮಾಮಾನ ಮಾತು ನೆನಪಿದ್ದರಿಂದ ನಾನು ಮಾಡಿ ತೋರಿಸಲಿಲ್ಲ.

ನಾವು ಸಿದ್ದಿಗಳು, ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ವಂಶ. ಗುಂಗುರು ಕೂದಲಿನ ಮೂರು ಜನ ಇಂಥ ಜಾಗದಲ್ಲಿ ಒಟ್ಟಿಗೆ ನಿಂತರೆ, ಪ್ರವಾಸಿಗರಿಗೆ ಮಠದ ಜೊತೆ ನಾವೂ ನೋಡುವ ವಸ್ತುಗಳಾಗುತ್ತೇವೆ. ಕಾರಿನಿಂದ ಇಳಿದ ಒಬ್ಬರು ಫೋನು ಹಿಡಿದು ಬಂದು, ಸೆಲ್ಫಿಗೆ ನಿಲ್ಲುತ್ತ, “ವಿಚ್ ಕಂಟ್ರಿ?” ಎಂದು ಕೇಳಿದರು.

“ಸಾಂಬ್ರಾಣಿ,” ಎಂದೆ.

“ಓ, ನೈಸ್ ಕಂಟ್ರಿ!”

“ಹಳಿಯಾಳ ದಾಟಿದ ಮ್ಯಾಲ ಬರ್ತೈತ್ರಿ.”

ಅವರ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. ಅಲ್ಲೇ ಚಹಾದಂಗಡಿ ಇಟ್ಟುಕೊಂಡಿದ್ದ ಟಿಬೆಟಿಯನ್ ಹೆಂಗಸೂ ನಕ್ಕಳು. “ನನಗೂ ಹಂಗ ಕೇಳ್ತಾರ ತಮ್ಮಾ. ಮುಂಡಗೋಡದ ಸರಕಾರಿ ದವಾಖಾನ್ಯಾಗ ಹುಟ್ಟೇನಿ ನಾ,” ಎಂದಳು. ಅವಳ ಹಿಂದಿನ ಗೋಡೆಯ ಮೇಲೆ ಬೆಟ್ಟವೇ ಅರಮನೆಯಾದಂಥ ಟಿಬೆಟಿನ ಊರಿನ ಫೋಟೋ ಇತ್ತು. ನೀವು ನೋಡೀರೇನ್ರಿ ಎಂದು ಕೇಳಿದೆ. “ಇಲ್ಲಪಾ. ನಮ್ಮ ಅಜ್ಜಿ ನೋಡಿದ್ಲು,” ಎಂದು ಚಹಾ ಸೋಸಿದಳು.

ಅಷ್ಟರಲ್ಲಿ ಹುಡುಗ ಮತ್ತು ಅವನ ತಾಯಿ ಬಂದರು. ನಾವು ಎದುರಾದೆವು. ‘ಅಯ್ಯ, ನೀವೂ ಇಲ್ಲೇ?’ ಎಂದು ಮಾಮಾ ಅಂದದ್ದು ಎಷ್ಟು ಕೆಟ್ಟ ನಟನೆಯಾಗಿತ್ತೆಂದರೆ ಅದನ್ನು ಅಣಕ ಮಾಡುವುದೂ ಕಷ್ಟ.

ಹಿರಿಯರಿಬ್ಬರು ಮಾತಾಡಲಿ ಎಂದು ನಾವು ಸ್ವಲ್ಪ ಸರಿದೆವು. ಆದರೆ ಅವತ್ತು ಜಗಲಿಯ ಕಂಬಗಳಿಗೆ ಹೊಸ ಬಣ್ಣ ಹಚ್ಚುತ್ತಿದ್ದರು. ಏಣಿ, ಡಬ್ಬಿ, ಬ್ರಷ್ಷು ಕಂಡದ್ದೇ ಮಾಮಾ ಯಾಕೆ ಬಂದದ್ದೆಂಬುದನ್ನು ಮರೆತ. ಹುಡುಗನ ತಾಯಿ ಒಳ್ಳೆಯ ರೀತಿಯಲ್ಲೇ ಶುರು ಮಾಡಿದರು.

“ಹುಡುಗಿ ಸ್ವಭಾವ ಹೆಂಗ್ರಿ?”

“ಮೊದಲ ಪ್ರೈಮರ್ ಚಲೋ ಕುಂಡರಬೇಕ್ರಿ,” ಎಂದ ಮಾಮಾ, ಬಣ್ಣಕ್ಕೆ ಮುಂಚಿನ ಬಿಳಿ ಕೋಟು ಹಚ್ಚಿದ ಕಂಬ ನೋಡುತ್ತ. “ಅದು ಕುಂತ್ರ ಮ್ಯಾಲಿಂದೆಲ್ಲಾ ತಾನ ನಿಂದರ್ತೈತಿ.”

ಆಕೆ ಅವನನ್ನು ನೋಡಿ, ಆಮೇಲೆ ತಾವೂ ಕಂಬ ನೋಡಿದರು. ಅಲ್ಲಿಗೆ ಹಿರಿಯರ ಮಾತುಕತೆ ಮುಗಿಯಿತು.

ಅಕ್ಕ ಮತ್ತು ಹುಡುಗ ಪಕ್ಕದ ಮೆಟ್ಟಿಲಿನ ಮೇಲೆ ಕೂತಿದ್ದರು. ನಾನು ಕಂಬದ ಚಿತ್ರ ನೋಡುವವನಂತೆ ಹತ್ತಿರವೇ ನಿಂತೆ.

“ಇಷ್ಟ ಬಣ್ಣ ದಿನಾ ನೋಡಿದ್ರ ಕಣ್ಣ ನೋಯೂದಿಲ್ಲೇನ್ರಿ?” ಎಂದ ಹುಡುಗ.

“ದಾಂಡೇಲ್ಯಾಗ ಹೊಗಿ ನೋಡಿ ನೋಡಿ ನಿಮಗ ರೂಢಿ ತಪ್ಪೇತಿ.”

“ಹೊಗಿಗೂ ಬಣ್ಣ ಇರ್ತೈತ್ರಿ. ಮುಂಜಾನಿ ಶಿಫ್ಟಿಗೆ ಹೋಗೂ ಮುಂದ ಬ್ಯಾರೆ, ಬರೂ ಮುಂದ ಬ್ಯಾರೆ.”

“ನಮ್ಮ ಮಾಮಾಗ ಹೇಳಬ್ಯಾಡ್ರಿ. ಡಬ್ಬಿ ತಗೊಂಡು ಬಂದ್ಬಿಡ್ತಾನ.”

ಇಬ್ಬರೂ ನಕ್ಕರು. ಹುಡುಗ ನಗುವಾಗ ಒಂದು ಭುಜ ಮಾತ್ರ ಕುಣಿಸುತ್ತಿದ್ದ, ನನ್ನ ಅಣಕಗಳಿಗೆ ಸಂಗ್ರಹಯೋಗ್ಯ ಎಂದುಕೊಂಡೆ. ಆಮೇಲೆ ಅವನು ಮೊಬೈಲು ನೋಡಿ ಎದ್ದ. ಶಿಫ್ಟಿಗೆ ಹೋಗಬೇಕಿತ್ತು. ಬ್ಯಾಗು ಹೆಗಲಿಗೇರಿಸಿ, ಅಕ್ಕನ ಮುಖ ನೋಡದೆ ಚಪ್ಪಲಿ ನೋಡುತ್ತ ಅಂದ: “ಬರ್ತೇನ್ರಿ.”

“ಹೂಂ, ಬರ್ರಿ,” ಎಂದಳು ಅಕ್ಕ.

ತಾಪತ್ರಯ ಶುರುವಾದದ್ದು ಅಲ್ಲಿಂದ. ನಮ್ಮ ಕಡೆ ಹೊರಡುವವರು ಯಾರೂ ‘ಹೋಗ್ತೇನಿ’ ಎನ್ನುವುದಿಲ್ಲ. ಅದು ಅಪಶಕುನ. ಮತ್ತೆ ಆ ಹೊಸಿಲು ತುಳಿಯುವ ಯೋಚನೆ ಇಲ್ಲದವನೂ ‘ಬರ್ತೇನಿ’ ಎಂದೇ ಹೋಗುತ್ತಾನೆ. ಜಗಳಾಡಿ ಎದ್ದವನೂ ಬಾಗಿಲಲ್ಲಿ ‘ಬರ್ತೇನ್ರಿ’ ಎನ್ನುತ್ತಾನೆ. ಹಾಗಾಗಿ ಹುಡುಗ ಅಂದದ್ದರಲ್ಲಿ ಎಲ್ಲವೂ ಇರಬಹುದಿತ್ತು, ಏನೂ ಇಲ್ಲದೆಯೂ ಇರಬಹುದಿತ್ತು.

ವಾಪಸು ಬಸ್ಸಿನಲ್ಲಿ ಅಕ್ಕ ಕೇಳಿದಳು. “ಮಾಮಾ, ಅವರ ತಾಯಿ ಏನಂದ್ರು?”

“ಏನಂದ್ರೋ ಏನೋ ಬೇ. ಆ ಬಂಗಾರದ ಗೆರಿ ನೋಡಿದೇನು? ಕೈ ಒಂಚೂರ ನಡುಗಿಲ್ಲ.”

ಅಕ್ಕ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ಅವರು ಹೋಗೂ ಮುಂದ ಹೆಂಗಂದ್ರು, ಮಾಡಿ ತೋರಸು.”

ಹುಟ್ಟಿದಾಗಿನಿಂದ ನನಗೆ ‘ಬ್ಯಾಡ’ ಎಂದವರೇ ಎಲ್ಲರೂ. ಮಾಡು ಎಂದದ್ದು ಅವಳೇ ಮೊದಲು. ಮೊದಲಿಗೆ ಕಂಡಕ್ಟರನ ದನಿಯಲ್ಲಿ ಮಾಡಿ ಒಂದು ಗುದ್ದು ತಿಂದೆ. ಆಮೇಲೆ ಬ್ಯಾಗು ಏರಿಸಿ, ಚಪ್ಪಲಿ ನೋಡಿ, ಹುಡುಗನಂತೆಯೇ ಅಂದೆ. ಇನ್ನೊಮ್ಮೆ ಅಂದಳು. ‘ಬರ್’ ಹತ್ತಿರ ತಡದ್ರೋ ‘ರಿ’ ಹತ್ತಿರ ಎಳದ್ರೋ ಎಂದು ಕೇಳಿದಳು. ಕಲಘಟಗಿ ಬರುವತನಕ ನಾನು ಅದನ್ನೇ ಮಾಡಿದೆ. ಹಿಂದಿನ ಇಬ್ಬರು ತಿಳಿಸದೆ ಹೋದಾಗ ಅಕ್ಕನಿಗೆ ಸಿಟ್ಟು ಬಂದಿತ್ತು. ಈ ಸಲ ಅವಳ ಮುಖದಲ್ಲಿದ್ದದ್ದು ಹೆದರಿಕೆ. ಇವನು ಅವಳಿಗೆ ಬೇಕಾಗಿದ್ದ. ಅದು ಗೊತ್ತಾದ ಮೇಲೆ ನನ್ನ ‘ಬರ್ತೇನ್ರಿ’ ಒಂದೊಂದು ಸಲಕ್ಕೂ ಒಂದಿಷ್ಟು ಸಿಹಿಯಾಗುತ್ತ ಹೋಯಿತು.

“ಸಾಕು ಬಿಡು,” ಎಂದಳು ಅಕ್ಕ. “ಅಷ್ಟ ಚಂದ ಅಂದಿದ್ದಿಲ್ಲ ಅವರು.”

ಅಣಕದವನಿಗೆ ಅದಕ್ಕಿಂತ ದೊಡ್ಡ ಸೋಲಿಲ್ಲ.

ವಾರ ಕಳೆದರೂ ದಾಂಡೇಲಿಯಿಂದ ಫೋನು ಬರಲಿಲ್ಲ. ಅವ್ವ ಫೋನು ಸದ್ದು ಮಾಡಿದಾಗಲೆಲ್ಲ ಕೈ ಒರೆಸಿಕೊಂಡು ಬಂದು ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಬಂದಿದ್ದ ಮಾಮಾನ ಜೇಬಿನಿಂದ ಅಕ್ಕ ಹುಡುಗನ ನಂಬರಿದ್ದ ಮೊಬೈಲು ತೆಗೆದುಕೊಂಡು ಹಿತ್ತಲಿಗೆ ನಡೆದಳು. ಹುಡುಗಿಯೇ ಫೋನು ಮಾಡುವುದು ನಮ್ಮಲ್ಲಿಲ್ಲ. ಮಾಮಾ ತುತ್ತು ಕೈಯಲ್ಲಿ ಹಿಡಿದೇ ‘ಏ, ಏ’ ಎಂದ. ನಾನು ಅವಳ ಹಿಂದೆ ಹೋದೆ.

“ನಾನ್ರೀ, ಸಾಂಬ್ರಾಣಿಯಿಂದ,” ಎನ್ನುತ್ತಿದ್ದಳು. “ನೀವು ಅವತ್ತ ಬರ್ತೇನ್ರಿ ಅಂದು ಹೋದ್ರಲ್ಲ. ಅದು ಹೋಗೂ ಮಂದಿ ಅನ್ನೂ ಬರ್ತೇನಿನೋ, ಖರೇನ ಬರ್ತೇನಿನೋ?”

ಆ ಕಡೆಯಿಂದ ಅವನು ಏನೋ ಉದ್ದಕ್ಕೆ ಹೇಳತೊಡಗಿದ. ಅಕ್ಕ ಗೋಡೆಗೆ ಒರಗಿದಳು.

“ಹಂಗಾರ ನೀವೂ ನನ್ನ ‘ಬರ್ರಿ’ ಹಿಡಕೊಂಡು ಕುಂತಿದ್ರೇನು ವಾರಗಟ್ಲೆ?... ಅಯ್ಯ, ಇಲ್ರೀ, ಮಾಮಾಗ ಮನಸಿಲ್ಲ ಅಂತ ಅಲ್ಲ. ನಿಮ್ಮ ಅವ್ವಾರಿಗೆ ಹೇಳ್ರಿ, ಅಂವ ಎಲ್ಲಾರ ಜೋಡಿನೂ ಪ್ರೈಮರ್ ಮಾತಾಡ್ತಾನ.” ದನಿ ತಗ್ಗಿಸಿದಳು. “ಐತವಾರ ಬರ್ರಿ. ಮನಿಗೇ ಬರ್ರಿ. ಓಣ್ಯಾಗಿನ ಮಂದಿ ನೋಡಿದ್ರ ನೋಡಲಿ.”

ಆಮೇಲೆ ಅವನು ಮತ್ತೆ ಅದೇ ಒಂದು ಮಾತು ಅಂದಿರಬೇಕು. ಅಕ್ಕ ನಗುತ್ತ ಫೋನು ಇಳಿಸಿದಳು.

“ಏನಂದ ಅಕ್ಕಾ? ಹೆಂಗಂದ?”

“ನಿನಗ ಮಾಡಾಕ ಬರಂಗಿಲ್ಲ ಬಿಡು,” ಎಂದು ಅವ್ವನಿಗೆ ಹೇಳಲು ಒಳಗೆ ಹೋದಳು.